ಗೋಡೆಯಾಚೆಯ ಹಾಡು: 1928ರ ‘ಲೋನ್ಸಮ್’ ಚಿತ್ರವನ್ನು ಕಿವಿಗೊಟ್ಟು ನೋಡುವುದು

ಎರಡು ಕೋಣೆ, ನಡುವೆ ಒಂದು ಗೋಡೆ. ಆಚೆ ಒಬ್ಬ ಹುಡುಗ, ಈಚೆ ಒಬ್ಬಳು ಹುಡುಗಿ. ನ್ಯೂಯಾರ್ಕಿನ ಒಂದೇ ಬಾಡಿಗೆ ಮನೆಯಲ್ಲಿದ್ದಾರೆ, ಆದರೆ ಒಬ್ಬರ ಮುಖ ಇನ್ನೊಬ್ಬರು ಕಂಡಿಲ್ಲ. ನಮ್ಮ ವಠಾರಗಳಲ್ಲಿ ಪಕ್ಕದ ಮನೆಯ ಒಗ್ಗರಣೆ ಸಿಡಿದರೆ ಅವತ್ತಿನ ಸಾರು ಯಾವುದೆಂದು ಗೊತ್ತಾಗುತ್ತಿತ್ತು. ಅಂಥ ಬದುಕಿಗೆ ಈ ಕಥೆ ನಂಬಲಾಗದ್ದು ಅನಿಸಬಹುದು. ಪಾಲ್ ಫೇಯೋಶ್ ನಿರ್ದೇಶಿಸಿದ ‘ಲೋನ್ಸಮ್’ ಚಿತ್ರದ ನೋವೆಲ್ಲ ಆ ಗೋಡೆಯಲ್ಲೇ ಇದೆ. ಕಥೆಯ ಕೊನೆ ಹೇಳದೆ ಈ ಚಿತ್ರದ ಬಗ್ಗೆ ಬರೆಯಲಾಗದು. ನೋಡಿಲ್ಲದವರು ಮೊದಲು ನೋಡಿ ಬಂದರೆ ಒಳ್ಳೆಯದು.

ಯೂನಿವರ್ಸಲ್ ಕಂಪನಿಯ ಚಿತ್ರ ಇದು. ನಿರ್ಮಾಪಕ ಕಾರ್ಲ್ ಲೆಮ್ಲಿ ಜೂನಿಯರ್, ಛಾಯಾಗ್ರಹಣ ಗಿಲ್ಬರ್ಟ್ ವಾರೆಂಟನ್. ಜಿಮ್ ಆಗಿ ಗ್ಲೆನ್ ಟ್ರಯಾನ್, ಮೇರಿಯಾಗಿ ಬಾರ್ಬರಾ ಕೆಂಟ್. ಅವನು ಕಾರ್ಖಾನೆಯಲ್ಲಿ ಪಂಚಿಂಗ್ ಪ್ರೆಸ್ ಒತ್ತುವವನು, ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸುವವಳು. ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ ಜೊತೆಗಾರರೆಲ್ಲ ಜೋಡಿ ಜೋಡಿಯಾಗಿ ಹೊರಟುಹೋಗುತ್ತಾರೆ. ಉಳಿದ ಇಬ್ಬರೂ ನ್ಯೂಯಾರ್ಕಿನವರ ಮೋಜಿನ ತಾಣವಾದ ಕೋನಿ ಐಲೆಂಡಿನ ಕಡಲತೀರಕ್ಕೆ ಹೋಗುತ್ತಾರೆ, ಭೇಟಿಯಾಗುತ್ತಾರೆ, ಸಂಜೆಯೊಳಗೆ ಪ್ರೀತಿಸುತ್ತಾರೆ. ರೋಲರ್ ಕೋಸ್ಟರಿನಲ್ಲಿ ಬೇರೆ ಬೇರೆ ಗಾಡಿ ಹತ್ತಬೇಕಾಗುತ್ತದೆ. ಅವಳ ಗಾಡಿಯ ಚಕ್ರಕ್ಕೆ ಬೆಂಕಿ ಹತ್ತುತ್ತದೆ, ಅವಳು ಮೂರ್ಛೆ ಹೋಗುತ್ತಾಳೆ. ಅವಳತ್ತ ನುಗ್ಗಿದ ಅವನನ್ನು ಪೊಲೀಸರು ಹಿಡಿದೊಯ್ಯುತ್ತಾರೆ. ಬಿಡುಗಡೆಯಾಗಿ ಬರುವಷ್ಟರಲ್ಲಿ ಅವಳು ಜನಸಾಗರದಲ್ಲಿ ಎಲ್ಲೋ. ಮೇಲೆ ಬಿರುಮಳೆ. ಒಬ್ಬರಿಗೊಬ್ಬರು ಹೇಳಿಕೊಂಡದ್ದು ಬರೀ ಕರೆಯುವ ಹೆಸರು. ಊರು, ಬೀದಿ, ಮನೆತನದ ಹೆಸರು ಯಾವುದೂ ಇಲ್ಲ.

ಕಥೆ ಇಷ್ಟೇ. ಇದನ್ನು ನೂರು ಸಲ ಯಾರಾದರೂ ಬರೆಯಬಹುದು. ಫೇಯೋಶ್ ಮಾಡಿದ್ದನ್ನು ಮಾತ್ರ ಎರಡನೆಯವರು ಮಾಡಲಿಲ್ಲ. ಮನೆಗೆ ಮರಳಿದ ಜಿಮ್, ಅರ್ವಿಂಗ್ ಬರ್ಲಿನ್ನರ 1925ರ ಹಾಡು ‘ಆಲ್ವೇಸ್’ನ ತಟ್ಟೆಯನ್ನು ಫೋನೋಗ್ರಾಫಿನ ಮೇಲಿಡುತ್ತಾನೆ. ಗೋಡೆಯಾಚೆ ಅಳುತ್ತಿರುವ ಮೇರಿಗೆ ಅದನ್ನು ಕೇಳಲಾಗುವುದಿಲ್ಲ, ಗೋಡೆ ಗುದ್ದುತ್ತಾಳೆ. ಯಾರದು ಅಂತ ನೋಡಲು ಅವನು ಹೋಗುತ್ತಾನೆ. ಅವಳೇ!

ಈ ಕೊನೆ ನಿಂತಿರುವುದು ಒಂದು ಸದ್ದಿನ ಮೇಲೆ. ಹಾಗಿದ್ದೂ ಇದನ್ನು ಕಟ್ಟಿದ್ದು ಮೂಕಿ ಚಿತ್ರಕ್ಕೆ. ಚಿತ್ರವನ್ನು ಮೊದಲು ಮೂಕಿಯಾಗಿಯೇ ತೆಗೆದರು. ಮಾತಿನ ಮೂರು ದೃಶ್ಯಗಳನ್ನು ಆಮೇಲೆ ಸೇರಿಸಿದರು, ಸಂಗೀತ ಮತ್ತು ಸದ್ದನ್ನು ಉದ್ದಕ್ಕೂ ಅಚ್ಚು ಮಾಡಿದರು. 1928ರಲ್ಲಿ ಬಹುಪಾಲು ಚಿತ್ರಮಂದಿರಗಳಲ್ಲಿ ಧ್ವನಿಯಂತ್ರವೇ ಇರಲಿಲ್ಲ, ಹಾಗಾಗಿ ಮೂಕಿ ಪ್ರತಿಯೂ ಬೇಕಿತ್ತು. ನನ್ನ ಖಚಿತ ಅಭಿಪ್ರಾಯ ಹೇಳಿಬಿಡುತ್ತೇನೆ: ‘ಲೋನ್ಸಮ್’ನಲ್ಲಿ ಮಾತು ಬಂದ ಕಡೆ ಚಿತ್ರ ಸೊರಗುತ್ತದೆ, ಸದ್ದು ಬಂದ ಕಡೆ ಅರಳುತ್ತದೆ. ಯಾಕೆ ಹೀಗಾಯಿತು ಅನ್ನುವುದಕ್ಕೆ ಅಂದಿನ ಯಂತ್ರಗಳನ್ನು ನೋಡಬೇಕು.

ಧ್ವನಿ ಫಿಲ್ಮಿನ ಮೇಲೇ ಅಚ್ಚಾಗುವ ಪದ್ಧತಿ ಇದು, ಮೂವಿಟೋನ್ ಎಂದು ಹೆಸರು. ಮೈಕಿನಿಂದ ಬಂದ ವಿದ್ಯುತ್ತು ಒಂದು ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆ ಬೆಳಕು ಸಣ್ಣ ಸೀಳಿನ ಮೂಲಕ ಓಡುವ ಫಿಲ್ಮಿನ ಅಂಚಿಗೆ ಬೀಳುತ್ತದೆ. ತೊಳೆದು ನೋಡಿದರೆ ಏಣಿಯ ಮೆಟ್ಟಿಲಿನಂತೆ ಕಪ್ಪು, ಬೂದು ಅಡ್ಡಗೆರೆಗಳು ಕಾಣುತ್ತವೆ. ಪ್ರೊಜೆಕ್ಟರಿನಲ್ಲಿ ಇದೇ ಕೆಲಸ ತಿರುಗುಮುರುಗು: ಒಂದು ಪುಟ್ಟ ದೀಪದ ಬೆಳಕು ಆ ಗೆರೆಗಳನ್ನು ಹಾಯ್ದು, ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಸೆಲ್ಲಿಗೆ ಬೀಳುತ್ತದೆ, ಅದರ ಏರಿಳಿತವೇ ಮತ್ತೆ ಸದ್ದಾಗುತ್ತದೆ. ಇನ್ನೊಂದು ಪದ್ಧತಿ ವೈಟಾಫೋನ್. ಅದರಲ್ಲಿ ಧ್ವನಿ 16 ಇಂಚಿನ ತಟ್ಟೆಯಲ್ಲಿರುತ್ತಿತ್ತು. ನಿಮಿಷಕ್ಕೆ 33⅓ ಸುತ್ತು, ಮುಳ್ಳು ಒಳಗಿನಿಂದ ಹೊರಕ್ಕೆ. ಫಿಲ್ಮು ಎಲ್ಲಾದರೂ ಹರಿದರೆ ಹೋದಷ್ಟೇ ಫ್ರೇಮಿನ ಕಪ್ಪು ತುಂಡು ಅಂಟಿಸಬೇಕಿತ್ತು. ಒಂದಿಷ್ಟು ಕಡಿಮೆಯಾದರೂ ಆ ರೀಲು ಮುಗಿಯುವವರೆಗೆ ತುಟಿ ಒಂದು ಕಡೆ, ಮಾತು ಒಂದು ಕಡೆ.

ವೇಗದ ಲೆಕ್ಕ ಇಲ್ಲಿ ಮುಖ್ಯ. 35 ಮಿ.ಮೀ. ಫಿಲ್ಮಿನಲ್ಲಿ ಅಡಿಗೆ 16 ಫ್ರೇಮು. ಮೂಕಿ ಕಾಲದಲ್ಲಿ ಕ್ಯಾಮೆರಾದವರು ಸೆಕೆಂಡಿಗೆ 16ರಿಂದ 24 ಫ್ರೇಮಿನವರೆಗೆ ಸಂದರ್ಭ ನೋಡಿ ಓಡಿಸುತ್ತಿದ್ದರು, ತೋರಿಸುವವರೂ ಕೈಗೆ ಬಂದಂತೆ ಹೆಚ್ಚು ಕಡಿಮೆ ಮಾಡುತ್ತಿದ್ದರು. ಚಿತ್ರ ತುಸು ಬೇಗ ಓಡಿದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಹಾಡು ತುಸು ಬೇಗ ಓಡಿದರೆ ಶ್ರುತಿ ಏರುತ್ತದೆ, ಕಿವಿ ಒಪ್ಪುವುದಿಲ್ಲ. ಆದ್ದರಿಂದ ಧ್ವನಿಚಿತ್ರಕ್ಕೆ ಸೆಕೆಂಡಿಗೆ 24 ಎಂದು ಗಟ್ಟಿ ಮಾಡಿದರು. ಅಂದರೆ ಸೆಕೆಂಡಿಗೆ ಒಂದೂವರೆ ಅಡಿ, ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ ಬರುತ್ತದೆ. ‘ಲೋನ್ಸಮ್’ ಸುಮಾರು 69 ನಿಮಿಷ. ಲೆಕ್ಕ ಹಾಕಿದರೆ 6,200 ಅಡಿ, ಏಳು ರೀಲು.

ಸೆಕೆಂಡಿಗೆ 18 ಇಂಚು ಓಡುವ ಫಿಲ್ಮಿನಲ್ಲಿ ಸೆಕೆಂಡಿಗೆ 6,000 ಕಂಪನದ ಸದ್ದಿನ ಒಂದೊಂದು ಕಂಪನಕ್ಕೆ ಸಿಗುವ ಜಾಗ ಇಂಚಿನ ಸಾವಿರದಲ್ಲಿ ಮೂರು ಪಾಲು. ಸೀಳು ಅದಕ್ಕಿಂತ ಅಗಲವಿದ್ದರೆ ಕಪ್ಪು ಬಿಳುಪು ಒಂದರೊಳಗೊಂದು ಕಲಸಿ ಆ ಸದ್ದೇ ಅಳಿಸಿಹೋಗುತ್ತದೆ. ಆ ಕಾಲದ ಮಾತುಗಳಲ್ಲಿ ‘ಸ’ಕಾರ, ‘ಶ’ಕಾರ ಮಂಕಾಗಿ ಕೇಳುವುದಕ್ಕೆ ಇದೊಂದು ಕಾರಣ. ಪ್ರೊಜೆಕ್ಟರಿನಲ್ಲಿ ಸೀಳು ಪಕ್ಕಕ್ಕೆ ಸರಿದರೆ ಆಗುವುದು ಬೇರೆ ತೊಂದರೆ. ಅಂಚಿನ ತೂತುಗಳ ಕಡೆ ಸರಿದರೆ ಸೆಕೆಂಡಿಗೆ 96 ಕಂಪನದ ಗುಂಯ್ ಸದ್ದು (ಫ್ರೇಮಿಗೆ ನಾಲ್ಕು ತೂತು, 24 ಫ್ರೇಮು). ಚಿತ್ರದ ಕಡೆ ಸರಿದರೆ ಸೆಕೆಂಡಿಗೆ 24ರ ಗಡಗಡ. ಹಳೆಯ ಪ್ರಿಂಟಿನಲ್ಲಿ ಈ ಎರಡು ಸದ್ದನ್ನು ಗುರುತಿಸಲು ಬಂದರೆ ತಪ್ಪು ಎಲ್ಲಿದೆ ಎಂದು ನೋಡದೆಯೇ ಹೇಳಬಹುದು.

ಪ್ರೊಜೆಕ್ಟರಿನಲ್ಲಿ ಚಿತ್ರಕ್ಕೆ ಬೆಳಕು ಬೀಳುವ ಕಿಂಡಿಯ, ಅಂದರೆ ಗೇಟಿನ ಎದುರು ಫಿಲ್ಮು ನಿಂತು ನಿಂತು ಓಡಬೇಕು, ಧ್ವನಿ ಓದುವ ಕಡೆ ಎಲ್ಲೂ ನಿಲ್ಲದೆ ಸಮವಾಗಿ ಹರಿಯಬೇಕು. ಎರಡೂ ಒಂದೇ ಜಾಗದಲ್ಲಿ ಸಾಧ್ಯವಿಲ್ಲ. ಹಾಗಾಗಿ ಧ್ವನಿಯನ್ನು ಅದರ ಚಿತ್ರಕ್ಕಿಂತ ಸುಮಾರು 20 ಫ್ರೇಮು ಮುಂದೆ ಅಚ್ಚು ಮಾಡುತ್ತಾರೆ. ಎರಡು ಜಾಗಗಳ ನಡುವೆ ಸಡಿಲ ಬಿಡುವ ಫಿಲ್ಮಿನ ಕುಣಿಕೆ ಮೂರು ಫ್ರೇಮು ಹೆಚ್ಚಾದರೆ ಸೆಕೆಂಡಿನ ಎಂಟನೇ ಒಂದು ಪಾಲು ತಪ್ಪುತ್ತದೆ. ತುಟಿ ನೋಡುವವರಿಗೆ ಅಷ್ಟು ಸಾಕು. ಹರಿದ ಪ್ರಿಂಟನ್ನು ಚಿತ್ರ ನೋಡಿ ಕತ್ತರಿಸಿ ಅಂಟಿಸಿದರೆ ಮುಂದಿನ ಚಿತ್ರದ ಧ್ವನಿ ಹಿಂದಿನ ತುಂಡಿನ ಜೊತೆ ಹೋಗಿಬಿಡುತ್ತದೆ. ಅಂಟಿಸಿದ ಜಾಗ ದೀಪದ ಎದುರು ಹಾದಾಗ ‘ದಬ್’ ಎನ್ನುತ್ತದೆ. ಅದನ್ನು ತಪ್ಪಿಸಲು ಧ್ವನಿಪಟ್ಟಿಯ ಮೇಲೆ ಕಪ್ಪು ಬಣ್ಣದ ತ್ರಿಕೋನ ಬಳಿಯುತ್ತಾರೆ. ಬೆಳಕು ತಟ್ಟನೆ ಕಡಿಯದೆ ಮೆಲ್ಲಗೆ ಇಳಿದು ಏರುತ್ತದೆ.

ಇನ್ನು ಚೌಕಟ್ಟು. ಇದನ್ನು ಬಹಳ ಜನ ಗಮನಿಸುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಮೂಕಿ ಚಿತ್ರದ ಫ್ರೇಮು ತೂತಿನಿಂದ ತೂತಿನವರೆಗೆ ತುಂಬಿರುತ್ತಿತ್ತು, ಅಗಲ ಎತ್ತರದ ಅನುಪಾತ 1.33. ಧ್ವನಿಪಟ್ಟಿ ಬಂದು ಎಡಗಡೆ ಇಂಚಿನ ಹತ್ತನೇ ಒಂದು ಪಾಲು ನುಂಗಿತು. ಉಳಿದದ್ದು ಹೆಚ್ಚುಕಡಿಮೆ ಚೌಕ, ಅನುಪಾತ 1.19ರ ಆಸುಪಾಸು. ಮೂಕಿಯೆಂದು ತೆಗೆದ ನೆಗೆಟಿವಿನ ಮೇಲೆ ಆಮೇಲೆ ಧ್ವನಿಪಟ್ಟಿ ಅಚ್ಚಾದರೆ ಎಡಭಾಗ ಕತ್ತರಿಸಿಹೋಗುತ್ತದೆ. ನಡುವೆ ಇದ್ದ ಮುಖ ಎಡಕ್ಕೆ ವಾಲಿದಂತೆ ಕಾಣುತ್ತದೆ. ಈ ಬಗೆಯ ಅರೆಮಾತಿನ ಚಿತ್ರ ನೋಡುವಾಗ ‘ಛಾಯಾಗ್ರಾಹಕನಿಗೆ ಚೌಕಟ್ಟಿನ ಅಂದಾಜಿಲ್ಲ’ ಅನಿಸಿದರೆ ಅವನನ್ನು ದೂರುವ ಮೊದಲು ಇದನ್ನು ನೆನೆಯಬೇಕು. ವಾರೆಂಟನ್ ಅಂಥವನಂತೂ ಅಲ್ಲ. ಅವನ ಕ್ಯಾಮೆರಾ ಈ ಚಿತ್ರದಲ್ಲಿ ಜನರ ನಡುವೆ ಜನರಂತೆಯೇ ನುಗ್ಗುತ್ತದೆ.

ಮೊದಲ ಭಾಗವನ್ನೇ ತೆಗೆದುಕೊಳ್ಳಿ. ಜಿಮ್ ತಡವಾಗಿ ಎದ್ದು ಓಡುತ್ತಾನೆ, ಮೇರಿ ಸಮಯಕ್ಕೆ ಎದ್ದು ಅಚ್ಚುಕಟ್ಟಾಗಿ ಹೊರಡುತ್ತಾಳೆ. ಕೆಲಸದ ಹೊತ್ತಿನಲ್ಲಿ ಪರದೆಯ ಮೇಲೆ ಗಡಿಯಾರದ ಮುಖ ಮೂಡಿ ಮುಳ್ಳು ತಿರುಗುತ್ತಿರುತ್ತದೆ. ಅದರೊಳಗೆ ಒಮ್ಮೆ ಪ್ರೆಸ್ಸು, ಒಮ್ಮೆ ಟೆಲಿಫೋನಿನ ತಂತಿ. ಕರೆ ಮಾಡುವವರ ಮುಖಗಳು ಮೇರಿಯ ಸುತ್ತ ಮುತ್ತುತ್ತವೆ. ಒಂದೇ ಫ್ರೇಮಿನಲ್ಲಿ ಮೂರು ನಾಲ್ಕು ಚಿತ್ರ ಕೂರಿಸುವ ಈ ಕೆಲಸವನ್ನು ಕ್ಯಾಮೆರಾದೊಳಗೆ ಮಾಡುವುದಾದರೆ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಎಣಿಸಿದ ಫ್ರೇಮಿಗೆ ಸರಿಯಾಗಿ ನಿಲ್ಲಿಸಿ, ಬೆಳಕನ್ನು ಪಾಲು ಹಾಕಿ ಮತ್ತೆ ಬಿಡಬೇಕು. ಒಂದು ಸುತ್ತಿನಲ್ಲಿ ತಪ್ಪಿದರೆ ಹಿಂದಿನ ಸುತ್ತುಗಳೂ ಹಾಳು. ಮೂಕಿ ಚಿತ್ರಕಲೆ 1928ರ ಹೊತ್ತಿಗೆ ಮುಟ್ಟಿದ್ದ ಎತ್ತರ ಇಲ್ಲಿ ಕಾಣುತ್ತದೆ.

ಆ ಎತ್ತರದಿಂದ ಚಿತ್ರ ಕಡಲತೀರದ ಮಾತಿನ ದೃಶ್ಯಕ್ಕೆ ಬಂದು ದೊಪ್ಪೆಂದು ಕೂರುತ್ತದೆ. ಅಲ್ಲಿಯವರೆಗೆ ಕಾಲಿಡಲು ಜಾಗವಿಲ್ಲದಷ್ಟು ಜನ, ತೇಲುವ ಕ್ಯಾಮೆರಾ. ಈಗ ಇಬ್ಬರೇ ಮರಳಿನ ಮೇಲೆ. ಕ್ಯಾಮೆರಾ ಅಲುಗುವುದಿಲ್ಲ, ಅವರೂ ಅಷ್ಟಾಗಿ ಅಲುಗುವುದಿಲ್ಲ. ಒಂದೊಂದು ಮಾತೂ ತಡೆದು ತಡೆದು ಬರುತ್ತದೆ.

ನಟರ ತಪ್ಪಲ್ಲ. ಕ್ಯಾಮೆರಾದ ಮೋಟಾರು, ಹಲ್ಲಿನ ಚಕ್ರ ಎಲ್ಲ ಸೇರಿ ಹೊಲಿಗೆ ಯಂತ್ರದಷ್ಟು ಸದ್ದು ಮಾಡುತ್ತಿದ್ದವು. ಮೈಕಿಗೆ ಅದು ಕೇಳಬಾರದೆಂದು ಕ್ಯಾಮೆರಾವನ್ನೂ ಅದರವನನ್ನೂ ಗಾಜಿನ ಕಿಟಕಿಯ ಪೆಟ್ಟಿಗೆಯೊಳಗೆ ಕೂಡಿಹಾಕುವುದು ಧ್ವನಿಚಿತ್ರದ ಆ ಮೊದಲ ವರ್ಷಗಳ ವಾಡಿಕೆ. ಪೆಟ್ಟಿಗೆ ನಡೆಯುವುದಿಲ್ಲ, ಆದ್ದರಿಂದ ಕ್ಯಾಮೆರಾವೂ ನಡೆಯುವುದಿಲ್ಲ. ಮೈಕು ಭಾರವಾದದ್ದು, ಒಂದೆಡೆ ನೇತುಹಾಕಿದರೆ ಮುಗಿಯಿತು; ನಟ ತಲೆ ತಿರುಗಿಸಿದರೆ ದನಿ ಮಂಕು, ಎರಡು ಹೆಜ್ಜೆ ಹೋದರೆ ದನಿಯೇ ಇಲ್ಲ. ತೀರಾ ಮೆಲ್ಲಗೆ ಆಡಿದ ಮಾತು ಫಿಲ್ಮಿನ ಸುಯ್ ಸದ್ದಿನಲ್ಲಿ ಮುಳುಗುತ್ತದೆ, ಜೋರಾದರೆ ಬಿರಿಯುತ್ತದೆ. ಹಾಗಾಗಿ ಪಿಸುಮಾತು ಬೇಕಾದ ಪ್ರೇಮದ ದೃಶ್ಯದಲ್ಲೂ ಮೇಷ್ಟರು ಉಕ್ತಲೇಖನ ಹೇಳಿದ ಹಾಗೆ ಮಾತಾಡಬೇಕಿತ್ತು. ನಿಜವಾದ ಕಡಲತೀರದಲ್ಲಿ ಅಂದಿನ ಮೈಕು ಇಟ್ಟರೆ ಗಾಳಿ, ಅಲೆ, ಜನ ಎಲ್ಲ ಒಟ್ಟಿಗೆ ನುಗ್ಗುತ್ತವೆ. ಬೇಡದ್ದನ್ನು ಆಮೇಲೆ ತೆಗೆಯುವ ಉಪಾಯ ಇರಲಿಲ್ಲ. ಎರಡು ಧ್ವನಿಪಟ್ಟಿ ಕಲಸಿ ಮೂರನೆಯದಕ್ಕೆ ಅಚ್ಚು ಮಾಡಿದರೆ ಸುಯ್ ಸದ್ದು ಏರುತ್ತಿತ್ತು. ಅದಕ್ಕೇ ಮಾತು ಶುರುವಾದ ಕೂಡಲೇ ಅವರ ಸುತ್ತಲಿನ ಲೋಕ ಖಾಲಿಯಾದಂತೆ ಭಾಸವಾಗುತ್ತದೆ.

ದೀಪಗಳೂ ಬದಲಾದವು. ಮೂಕಿ ಸ್ಟುಡಿಯೋಗಳ ಕಾರ್ಬನ್ ಆರ್ಕ್ ದೀಪ ಉರಿಯುವಾಗ ಗುಂಯ್‌ಗುಡುತ್ತಿತ್ತು, ಮೈಕಿನೆದುರು ಅದಾಗದು. ತಂತಿ ಕಾಯಿಸಿ ಬೆಳಗುವ ಟಂಗ್ಸ್ಟನ್ ಬಲ್ಬುಗಳಿಗೆ ಸದ್ದಿಲ್ಲ, ಆದರೆ ಅವುಗಳ ಬೆಳಕಿನಲ್ಲಿ ಕೆಂಪು ಹೆಚ್ಚು. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಕೆಂಪನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು ಆ ಹೊತ್ತಿಗೆ ಬಳಕೆಗೆ ಬಂದಿದ್ದರಿಂದ ಈ ದಾಟು ಸಾಧ್ಯವಾಯಿತು. ಬೆಳಕು ಬದಲಾದ ಮೇಲೆ ಮುಖದ ಬಣ್ಣ, ಮೇಕಪ್ಪು ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಯಿತು. ಒಂದೇ ಚಿತ್ರದಲ್ಲಿ ಎರಡು ಬಗೆಯ ತುಣುಕು ಸೇರಿದಾಗ ಮುಖದ ಮೇಲಿನ ಬೂದುಛಾಯೆ ಬದಲಾಗುವುದು ಅದಕ್ಕೇ.

ಮಾತಿನ ಮೂರು ದೃಶ್ಯಗಳಲ್ಲಿ ಪೊಲೀಸರೆದುರು ಜಿಮ್ ಮಾತಾಡುವ ದೃಶ್ಯ ನನಗೆ ಉಳಿದೆರಡಕ್ಕಿಂತ ವಾಸಿ ಅನಿಸುತ್ತದೆ. ಅಧಿಕಾರಿಯ ಮುಂದೆ ಗೋಗರೆಯುವ ಮನುಷ್ಯ ಹೇಗೂ ನಿಂತಲ್ಲೇ ನಿಲ್ಲುತ್ತಾನೆ, ಗಂಟಲೆತ್ತಿ ಮಾತಾಡುತ್ತಾನೆ. ಯಂತ್ರ ಬೇಡಿದ್ದನ್ನೇ ಕಥೆಯೂ ಬೇಡಿತು.

ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ರಾತ್ರಿಯ ಕೋನಿ ಐಲೆಂಡಿನ ದೀಪಗಳಿಗೆ ಈ ಚಿತ್ರದಲ್ಲಿ ಬಣ್ಣ ತುಂಬಿದ್ದಾರೆ. ಕಪ್ಪು ಆಕಾಶದ ಮೇಲೆ ಜಾತ್ರೆಯ ದೀಪದಂತೆ ಹೊಳೆಯುತ್ತವೆ. ಮೂಕಿ ಕಾಲದಲ್ಲಿ ಇಡೀ ಪ್ರಿಂಟನ್ನು ಬಣ್ಣದ ನೀರಿನಲ್ಲಿ ಅದ್ದುವುದು ಮಾಮೂಲು: ರಾತ್ರಿಗೆ ನೀಲಿ, ಬೆಂಕಿಗೆ ಕೆಂಪು. ಧ್ವನಿ ಬಂದ ಮೇಲೆ ಅದು ಕಷ್ಟವಾಯಿತು, ಏಕೆಂದರೆ ಅದ್ದಿದರೆ ಧ್ವನಿಪಟ್ಟಿಗೂ ಬಣ್ಣ ಹತ್ತುತ್ತದೆ. ಫೋಟೋಸೆಲ್ಲು ಎಲ್ಲ ಬಣ್ಣವನ್ನೂ ಒಂದೇ ಸಮ ನೋಡುವುದಿಲ್ಲ. ಬಣ್ಣ ಬದಲಾದಲ್ಲಿ ಸದ್ದು ಇಳಿಯುತ್ತದೆ ಅಥವಾ ಏರುತ್ತದೆ. ಈ ತೊಂದರೆಗೆಂದೇ ಕೊಡಾಕ್ 1929ರಲ್ಲಿ ಸೋನೋಕ್ರೋಮ್ ಎಂಬ ಬಣ್ಣದ ಫಿಲ್ಮು ತಂದಿತು. ಚಿತ್ರದ ಜಾಗಕ್ಕೆ ಮಾತ್ರ ಬಣ್ಣ ಹಚ್ಚಿದರೆ ಈ ಕಾಟವಿಲ್ಲ, ಆದರೆ ಪ್ರತಿ ಪ್ರಿಂಟಿಗೂ ಆ ಕೆಲಸ ಮತ್ತೆ ಮಾಡಬೇಕು.

ಫೇಯೋಶ್ ಹಂಗೇರಿಯವರು, 1897ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದವರು. ವೈದ್ಯಕೀಯ ಓದಿದ್ದರು, ಅಮೆರಿಕಕ್ಕೆ ಬಂದ ಮೇಲೆ ಪ್ರಯೋಗಾಲಯದಲ್ಲಿ ದುಡಿದರು. ಯೂನಿವರ್ಸಲ್ಲಿಗಾಗಿಯೇ ಮರುವರ್ಷ ತೆಗೆದ ‘ಬ್ರಾಡ್‌ವೇ’ಗೆ ದೊಡ್ಡ ಕ್ಯಾಮೆರಾ ಕ್ರೇನು ಕಟ್ಟಿಸಿದರು, ಪೆಟ್ಟಿಗೆಯೊಳಗಿನ ಕ್ಯಾಮೆರಾ ಅವರನ್ನು ಎಷ್ಟು ಕಾಡಿತ್ತೆಂದು ಅದರಿಂದಲೇ ಊಹಿಸಬಹುದು. ಕೊನೆಗೆ ಸಿನಿಮಾ ಬಿಟ್ಟು ಮಾನವಶಾಸ್ತ್ರದ ಕೆಲಸಕ್ಕೆ ಹೋದರು, ನ್ಯೂಯಾರ್ಕಿನ ವೆನ್ನರ್-ಗ್ರೆನ್ ಪ್ರತಿಷ್ಠಾನವನ್ನು ನಡೆಸಿದರು. ಬಾರ್ಬರಾ ಕೆಂಟ್ 103 ವರ್ಷ ಬದುಕಿ 2011ರಲ್ಲಿ ತೀರಿಕೊಂಡರು.

ಚಿತ್ರ ಇಂದು ನಮ್ಮ ಕೈಗೆ ಸಿಗುವುದು ಪ್ಯಾರಿಸ್ಸಿನ ಸಿನಿಮಾಥೆಕ್ ಫ್ರಾನ್ಸೇಸ್ ಎಂಬ ಚಿತ್ರಭಂಡಾರದಲ್ಲಿ ಉಳಿದ ಪ್ರಿಂಟಿನಿಂದ. ಅದರಿಂದ ರಾಚೆಸ್ಟರಿನ ಜಾರ್ಜ್ ಈಸ್ಟ್‌ಮನ್ ಸಂಗ್ರಹಾಲಯದವರು ಜೀರ್ಣೋದ್ಧಾರ ಮಾಡಿದರು. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು, 2012ರಲ್ಲಿ ಕ್ರೈಟೀರಿಯನ್ ಕಂಪನಿಯಿಂದ ಬ್ಲೂ-ರೇ ಬಂತು. ಒಂದು ಪ್ರಿಂಟು ಉಳಿಯುವುದು ಎಷ್ಟು ದೊಡ್ಡ ಮಾತು ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’, ನಮಗೆ ನೋಡಲು ಉಳಿದಿಲ್ಲ. ಕೊಲ್ಹಾಪುರಕ್ಕೆ ಹೋಗಿ ತೆಗೆದ ಆ ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು ಅವರ ದನಿ ಹೇಗೆ ಕೇಳುತ್ತಿತ್ತು, ಮೈಕನ್ನು ಎಲ್ಲಿ ಇಟ್ಟಿದ್ದರು, ಯಾವುದನ್ನೂ ಈಗ ಕೇಳಿ ತಿಳಿಯಲಾಗದು. ಚಿತ್ರಮಂದಿರಗಳ ಫಲಕದಲ್ಲಿ ‘ಟಾಕೀಸ್’ ಅನ್ನುವ ಪದ ಮಾತ್ರ ಆ ಕಾಲದ ಗುರುತಾಗಿ ಉಳಿದುಕೊಂಡಿತು.

ಮನೆಯಲ್ಲಿ ನೋಡುವವರಿಗೆ ಕೆಲವು ಮಾತು. ಟಿವಿಯ ಅಗಲಕ್ಕೆ ಚಿತ್ರವನ್ನು ಎಳೆಯಬೇಡಿ. 1920×1080 ಪರದೆಯಲ್ಲಿ 1.19ರ ಚಿತ್ರಕ್ಕೆ ಸುಮಾರು 1,285 ಚುಕ್ಕಿ ಅಗಲ ಸಾಕು. ಎರಡೂ ಕಡೆ 317ರಷ್ಟು ಕಪ್ಪು ಪಟ್ಟಿ ಇರಬೇಕು, ಇದ್ದರೆ ಅದು ಸರಿ. ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಒಂದರ ಮೇಲೊಂದು ಮೂಡುವ ಚಿತ್ರಗಳ ಅಂಚು ಕದಡುತ್ತದೆ. ಮಾತನ್ನು ಎತ್ತಿ ಕೊಡುವ ಸೆಟ್ಟಿಂಗ್ ಕೂಡ ಬೇಡ. ಅದು ಮಾತಿನ ನಡುವಿನ ಮೌನವನ್ನು ಸುಯ್ ಸದ್ದಿನಿಂದ ತುಂಬಿಬಿಡುತ್ತದೆ. ಮಾತಿನ ದೃಶ್ಯಕ್ಕೆಂದು ದನಿ ಏರಿಸಿದ್ದರೆ ಮುಗಿದ ಕೂಡಲೇ ಇಳಿಸಿ, ಮುಂದೆ ಬರುವ ವಾದ್ಯವೃಂದ ಜೋರಾಗಿರುತ್ತದೆ.

ಪೂರ್ತಿ ನೋಡಿದ ಮೇಲೆ ಕೊನೆಯ ಹತ್ತು ನಿಮಿಷ ಇನ್ನೆರಡು ಸಲ ನೋಡಿ. ಮೊದಲ ಸಲ ದನಿ ಪೂರ್ತಿ ತೆಗೆದು. ತಿರುಗುವ ತಟ್ಟೆ, ಅವನ ಮುಖ, ಗೋಡೆ, ಅವಳ ಮುಖ, ಗುದ್ದುವ ಮುಷ್ಟಿ: ಸದ್ದೇ ಇಲ್ಲದೆ ಹಾಡು ಗೋಡೆ ದಾಟಿದ್ದು ಗೊತ್ತಾಗುತ್ತದೆ. ಮೂಕಿ ಪ್ರತಿ ಓಡಿದ ಊರುಗಳಲ್ಲಿ ಒಂಟಿ ಪಿಯಾನೋದವನು ಅದೇ ಹಾಡು ನುಡಿಸಿದರೂ, ಬೇರೆ ನುಡಿಸಿದರೂ ಈ ದೃಶ್ಯ ನಿಲ್ಲುತ್ತಿತ್ತು. ಎರಡನೇ ಸಲ ದನಿ ಹಾಕಿ. ಈಗ ಅವಳ ಕೋಣೆಯ ಚಿತ್ರ ಬಂದಾಗಲೂ ‘ಆಲ್ವೇಸ್’ ಕೇಳುತ್ತಲೇ ಇರುತ್ತದೆ. ಚಿತ್ರ ಕತ್ತರಿಸಿದೆ, ಹಾಡು ಕತ್ತರಿಸಿಲ್ಲ. ಅವನು ಇನ್ನೂ ಬಾಗಿಲು ತೆರೆದಿಲ್ಲ, ಮೇರಿ ಹಾಸಿಗೆಯ ಮೇಲೆ ಕಿವಿ ಮುಚ್ಚಿಕೊಳ್ಳುವ ಸಂಕಟದಲ್ಲಿದ್ದಾಳೆ, ಅವಳಿಗಿಂತ ಮೊದಲು ನಮ್ಮ ಕಿವಿಗೆ ತಿಳಿದುಹೋಗಿದೆ.